ರಾಚೆಟ್ಟಿನ ನಾಲ್ಕು ಚುಕ್ಕಿ

ಜನವರಿ 12

ಪ್ರೀತಿಯ ಬೋಲ್ಟುವಿಗೆ,

ಅತ್ತಿಗೆಯ ಆಶೀರ್ವಾದ. ಅರವತ್ತರ ಹತ್ತಿರ ಬಂದವನನ್ನು ಈಗಲೂ ಬೋಲ್ಟು ಅನ್ನುತ್ತಾರಲ್ಲ ಎಂದು ನಿನ್ನ ಹೆಂಡತಿ ನಗಬಹುದು, ನಗಲಿ. ನಾನು ಮದುವೆಯಾಗಿ ಈ ಮನೆಗೆ ಬಂದಾಗ ನಿನಗೆ ಹದಿನೆಂಟು. ನಿನ್ನ ಅಂಗಿ ಒಗೆಯಲು ಕೊಡವಿದರೆ ಜೇಬಿನಿಂದ ಬೋಲ್ಟುಗಳು ಉದುರುತ್ತಿದ್ದವು. ಹೆಸರಿಟ್ಟವಳು ನಾನು, ವಾಪಸು ತೆಗೆದುಕೊಳ್ಳಬೇಕಾದರೂ ನಾನೇ.

ಫೋನು ಮಾಡೋಣವೆಂದರೆ ನಿನ್ನ ಕಿವಿಗಳನ್ನು ನೀನು ದುಡಿದ ಬಸ್ ಡಿಪೋದ ಸದ್ದು ತಿಂದುಹಾಕಿದೆ. ಕಳೆದ ಸಲ ನಾನು "ಹುಷಾರಾಗಿದ್ದೀಯಾ" ಅಂದರೆ ನೀನು "ಹೌದು, ಹೋದ ವಾರವೇ ಮಾರಿದೆ" ಅಂದೆ. ಅದಕ್ಕೇ ಕಾಗದ.

ವಿಷಯ ಇಷ್ಟು. ನಿಮ್ಮಣ್ಣ ಹೋಗಿ ಐದು ತಿಂಗಳಾಯಿತು. ಹಿಂದಿನ ಶೆಡ್ಡಿನ ಬೀಗ ನಾನು ತೆಗೆದಿರಲಿಲ್ಲ. ಮಗಳು ಈಗ ಅಂಗಡಿಯ ಕೆಲಸವನ್ನೆಲ್ಲ ತಾನೇ ನೋಡಿಕೊಳ್ಳುತ್ತಾಳೆ, ಇನ್ನೆರಡು ಹೊಲಿಗೆ ಮೆಷಿನು ಹಾಕಲು ಅವಳಿಗೆ ಜಾಗ ಬೇಕು. ನ್ಯಾಯವೇ. ಹೋದ ಭಾನುವಾರ ಬೀಗ ತೆಗೆದೆವು. ನಿಮ್ಮಣ್ಣನ ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆ ಮೂಲೆಯಲ್ಲೇ ಇತ್ತು, ಇಬ್ಬರು ಹಿಡಿದರೂ ಏಳಲಿಲ್ಲ. ಒಳಗೆ ಹೊಲಿಯುವಾಗ ಬೆರಳಿಗೆ ಹಾಕುವ ಟೋಪಿಯಂಥವು, ಆದರೆ ರಾಕ್ಷಸನ ಬೆರಳಿಗೆ ಆಗುವಂಥವು, ರಾಶಿ ಇವೆ. ಅವಕ್ಕೆ ಸಾಕೆಟ್ ಅನ್ನುತ್ತಾರೆ ಎಂದು ನಲವತ್ತೊಂದು ವರ್ಷದ ಸಂಸಾರದಲ್ಲಿ ನನಗೆ ಗೊತ್ತಾಗಿದೆ. ಆ ಸಾಕೆಟ್ಟನ್ನು ಸಿಕ್ಕಿಸಿ ನಟ್ಟು ಬಿಚ್ಚುವ, ತಿರುಗಿಸಿದರೆ ಕಿರ್ ಕಿರ್ ಅನ್ನುವ ರಾಚೆಟ್ ಹಿಡಿಗಳೂ ಇವೆ. ಉಳಿದದ್ದು ನನಗೆ ಕಬ್ಬಿಣದ ಕಡಲೆ.

ಗುಜರಿಯವನು ಬಂದು ಪೆಟ್ಟಿಗೆಯನ್ನು ಕಾಲಿನಿಂದ ತಳ್ಳಿ ನೋಡಿ, ತೂಕಕ್ಕೆ ಹಾಕಿಕೊಳ್ಳುತ್ತೇನೆ ಅಂದ. ಕಾಲಿನಿಂದ ತಳ್ಳಿದ್ದು ನನಗೆ ಸರಿಹೋಗಲಿಲ್ಲ, ಕಳಿಸಿಬಿಟ್ಟೆ. ನೀನು ಹಳೆಯ ರಾಚೆಟ್ಟುಗಳನ್ನು ಕೂಡಿಡುತ್ತೀಯೆಂದು ನಿನ್ನ ಹೆಂಡತಿ ಹೇಳಿದ ನೆನಪು. ಇವುಗಳಲ್ಲಿ ಯಾವುದು ಏನು, ಯಾವುದನ್ನು ಇಡಬೇಕು, ಹೇಳುತ್ತೀಯಾ?

ಹದಿಮೂರು ವರ್ಷದಿಂದ ಯಾಕೆ ಬರಲಿಲ್ಲವೆಂದು ನಾನು ಕೇಳುತ್ತಿಲ್ಲ. ನಮ್ಮ ಮಗಳ ಮದುವೆಗೂ ಹೆಂಡತಿಯೊಬ್ಬಳನ್ನೇ ಕಳಿಸಿದೆ, ಅದನ್ನೂ ಕೇಳುತ್ತಿಲ್ಲ. ನಿಮ್ಮಣ್ಣ ಹೋದ ದಿನ ಗೇಟಿನ ಹತ್ತಿರ ನಿಂತಿದ್ದು ಅಲ್ಲಿಂದಲೇ ಹೊರಟುಹೋದೆಯಲ್ಲ, ಕಿಟಕಿಯಿಂದ ನೋಡಿದೆ. ಅದನ್ನು ಮಾತ್ರ ಬರೆಯದೆ ಇರಲು ಆಗಲಿಲ್ಲ.

ನಿನ್ನ ಅತ್ತಿಗೆ

*

ಜನವರಿ 20

ಪೂಜ್ಯ ಅತ್ತಿಗೆಯವರಿಗೆ ನಮಸ್ಕಾರಗಳು.

ಮೊದಲನೆಯ ಮಾತು: ಗುಜರಿಯವನು ಮತ್ತೆ ಬಂದರೆ ಗೇಟು ತೆರೆಯಬೇಡಿ. ಎರಡನೆಯದು: ಯಾವುದನ್ನೂ ಉಜ್ಜಬೇಡಿ. ತಂತಿ ಬ್ರಷ್ಷು ಬೇಡ, ಮರಳು ಕಾಗದ ಬೇಡ. ನಿಮ್ಮ ಕೈಗೆ ಪಾತ್ರೆ ಸಿಕ್ಕರೆ ಅದರ ಬಣ್ಣ ಹೋಗುವ ತನಕ ಬಿಡುವವರಲ್ಲ ನೀವು, ನನಗೆ ಗೊತ್ತು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಸಾಕು. ತುಕ್ಕಿನ ಕೆಳಗೆ ಅಕ್ಷರವೋ ಅಂಕಿಯೋ ಇರುತ್ತದೆ, ಉಜ್ಜಿದರೆ ಅದೂ ಹೋಗುತ್ತದೆ. ಆಮೇಲೆ ಅದು ಎಲ್ಲಿಯದು, ಯಾವ ಕಾಲದ್ದು ಎಂದು ದೇವರು ಬಂದರೂ ಹೇಳಲಾರ.

ನನ್ನ ಬಳಿ ಈಗ ನೂರ ನಲವತ್ತೆರಡು ರಾಚೆಟ್ಟುಗಳಿವೆ. ಗೋಡೆಗೆ ಹಲಗೆ ಬಡಿದು ಮೊಳೆಗೊಂದರಂತೆ ತೂಗುಹಾಕಿದ್ದೇನೆ. ಗೋಡೆ ಮುಗಿದ ಮೇಲೆ ಬೀರುವಿನ ಕೆಳಗಿನ ಖಾನೆಗೆ ಕೈಹಾಕಿದೆ. ಇವಳು ಶಾಲೆಯ ಲೈಬ್ರರಿಯವಳಲ್ಲವೇ, ಪ್ರತಿಯೊಂದಕ್ಕೂ ಚೀಟಿ ಅಂಟಿಸಿ ನಂಬರು ಕೊಟ್ಟಿದ್ದಾಳೆ. ಹದಿನಾಲ್ಕು ದಿನದಲ್ಲಿ ವಾಪಸು ಮಾಡದಿದ್ದರೆ ದಂಡ ಎಂದು ತಮಾಷೆ ಮಾಡುತ್ತಾಳೆ.

ಗುರುತು ಹಿಡಿಯುವುದು ಕಷ್ಟವಲ್ಲ. ಸಾಕೆಟ್ಟಿನ ಬಾಯಿಯೊಳಗೆ ನೋಡಿ, ಆರು ಮೂಲೆಯೋ ಹನ್ನೆರಡು ಮೂಲೆಯೋ ಬರೆದುಕೊಳ್ಳಿ. ಹೊರಗಿನ ಅಂಕಿ ಅಂಕುಡೊಂಕಾಗಿದ್ದರೆ ಒಂದೊಂದಾಗಿ ಕೈಯಿಂದ ಬಡಿದದ್ದು, ಬಹಳ ಹಳೆಯದು. ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಈಚಿನದು. ರಾಚೆಟ್ಟಿನ ತಲೆಯನ್ನು ಒಂದು ಪೂರ್ತಿ ಸುತ್ತು ತಿರುಗಿಸಿ ಎಷ್ಟು ಸಲ ಕಿರ್ ಅನ್ನುತ್ತದೆ ಎಣಿಸಿ. ಅಷ್ಟು ಹಲ್ಲುಗಳು ಅದರ ಹೊಟ್ಟೆಯೊಳಗಿವೆ ಎಂದು ಅರ್ಥ. ಹಲ್ಲು ಕಡಿಮೆಯಿದ್ದರೆ ಸಾಮಾನ್ಯವಾಗಿ ವಯಸ್ಸು ಜಾಸ್ತಿ. ಮನುಷ್ಯರ ಹಾಗೆಯೇ.

ಅಂದಹಾಗೆ, ದುಂಡು ತಲೆಯ ಒಂದು ರಾಚೆಟ್ ಅದರಲ್ಲಿ ಇದೆಯೇ? ಅಣ್ಣನಿಗೂ ನನಗೂ ಕೆಲಸ ಕಲಿಸಿದ ಮೇಸ್ತ್ರಿಯದು. ಇದ್ದರೆ ಅದೂ ಕಿರ್ ಅನ್ನುತ್ತದೆಯೇ ಎಂದು ನೋಡಿ ತಿಳಿಸಿ. ಅವಸರವೇನಿಲ್ಲ.

ಗೇಟಿನ ವಿಷಯ ಬರೆದಿದ್ದೀರಿ. ಏನು ಬರೆಯಲಿ ಅತ್ತಿಗೆ, ಅವತ್ತು ಬಸ್ಸಿಗೆ ಹೊತ್ತಾಗಿತ್ತು.

ನಿಮ್ಮ ಬೋಲ್ಟು

*

ಫೆಬ್ರವರಿ 2

ಪ್ರೀತಿಯ ಬೋಲ್ಟು,

ನಿನ್ನ ಪಾಠ ಓದಿ ನಾನೂ ಮೇಸ್ತ್ರಿಯಾದೆ. ಕತ್ತರಿಸುವ ಮೇಜಿನ ಮೇಲೆ ಹಳೆಯ ಬೆಡ್‌ಶೀಟು ಹಾಸಿ ನಿನ್ನ ಅಣ್ಣನ ಆಸ್ತಿಯನ್ನೆಲ್ಲ ಸಾಲಾಗಿ ಜೋಡಿಸಿದೆ. ಬ್ಲೌಸಿನ ಅಳತೆಗೆಂದು ಬಂದ ಹೆಂಗಸರು ಬಾಗಿಲಲ್ಲೇ ನಿಂತು "ಇದೇನ್ರೀ, ಅಂಗಡಿ ಬದಲಾಯ್ಸಿದ್ರಾ?" ಅಂದರು. ಮಗಳು ತಲೆಯ ಮೇಲೆ ಕೈ ಹೊತ್ತು ಕುಳಿತಳು.

ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಸಾಕೆಟ್ ಎಂಬತ್ತಾರು. ಹನ್ನೆರಡು ಮೂಲೆಯವು ಐವತ್ತು, ಆರು ಮೂಲೆಯವು ಮೂವತ್ತನಾಲ್ಕು. ಉಳಿದ ಎರಡು ನಾಲ್ಕು ಮೂಲೆಯವು, ಅವಕ್ಕೆ ಏನನ್ನುತ್ತೀಯೋ ನಿನಗೆ ಬಿಟ್ಟದ್ದು. ಎತ್ತರ ಅಗಲಗಳನ್ನು ನನ್ನ ಟೇಪಿನಲ್ಲೇ ಅಳೆದೆ. ಹೊಲಿಗೆಯವಳ ಅಳತೆ, ಒಂದು ನೂಲೂ ಹೆಚ್ಚುಕಡಿಮೆ ಇರದು.

ರಾಚೆಟ್ಟುಗಳು ಏಳು. ಬಟ್ಟೆಗೆ ಗೀಟು ಹಾಕುವ ಸೀಮೆಸುಣ್ಣದಿಂದ ತಲೆಯ ಮೇಲೊಂದು ಗುರುತು ಮಾಡಿ, ಅದು ತಿರುಗಿ ಅಲ್ಲಿಗೇ ಬರುವ ತನಕ ಎಣಿಸಿದೆ. ನಿನ್ನ ದುಂಡು ತಲೆಯದೂ ಇದೆ. ಇಪ್ಪತ್ತನಾಲ್ಕು ಕಿರ್. ಎರಡು ಸಲ ಎಣಿಸಿದೆ. ಎಷ್ಟು ನಯವಾಗಿ ತಿರುಗುತ್ತದೆಯೆಂದರೆ, ಕೆಲಸವಿಲ್ಲದಿದ್ದರೂ ಕೈಯಲ್ಲಿ ಹಿಡಿದು ಸುಮ್ಮನೆ ತಿರುಗಿಸುತ್ತ ಕೂರುವ ಹಾಗಾಗುತ್ತದೆ. ಅದರ ಹಿಡಿಗೆ ಕಪ್ಪು ಟೇಪು ಸುತ್ತಿದ್ದಾರೆ. ಬೆವರು ಎಣ್ಣೆ ಕುಡಿದು ಗಟ್ಟಿಯಾಗಿ, ಅದರ ಮೇಲೆ ನಿಮ್ಮಣ್ಣನ ಬೆರಳುಗಳ ತಗ್ಗು ಹಾಗೇ ಉಳಿದಿದೆ. ನನ್ನ ಬೆರಳು ಇಟ್ಟು ನೋಡಿದೆ, ತಗ್ಗು ದೊಡ್ಡದಾಯಿತು.

ಇಷ್ಟೊಂದು ಸಾಮಾನಿನಲ್ಲಿ ಬೇರೆ ಯಾವುದನ್ನೂ ಕೇಳದೆ ಇದೊಂದನ್ನೇ ಯಾಕೆ ಕೇಳಿದೆ? ಅವಸರವಿಲ್ಲ ಎಂದು ಬೇರೆ ಬರೆದಿದ್ದೀಯೆ. ನೀನು ಅವಸರವಿಲ್ಲ ಅಂದರೆ ಅರ್ಥವೇನೆಂದು ಅನ್ನ ಬಡಿಸಿದ ಕೈಗೆ ಗೊತ್ತಿಲ್ಲವೇ.

ನಿನ್ನ ಅತ್ತಿಗೆ

*

ಫೆಬ್ರವರಿ 11

ಅತ್ತಿಗೆ,

ಪಟ್ಟಿ ಸಿಕ್ಕಿತು. ಇವಳು ಅದನ್ನು ನೋಡಿ, ನಿಮ್ಮನ್ನು ಲೈಬ್ರರಿಗೆ ಕೆಲಸಕ್ಕೆ ತೆಗೆದುಕೊಳ್ಳಬೇಕಿತ್ತು ಅಂದಳು. ಆ ನಾಲ್ಕು ಮೂಲೆಯ ಎರಡು ಸಾಕೆಟ್ಟುಗಳನ್ನು ಬೇರೆ ಡಬ್ಬಿಯಲ್ಲಿಡಿ. ಅಂಥವು ನನ್ನ ಗೋಡೆಯಲ್ಲೂ ಇಲ್ಲ.

ಇಪ್ಪತ್ತನಾಲ್ಕು ಅಂದಿರಲ್ಲ. ನಿಜವಾಗಿಯೂ ಇಪ್ಪತ್ತನಾಲ್ಕೇ? ಒಂದೂ ತಪ್ಪದೆ?

ನೀವು ಕೇಳಿದ್ದಕ್ಕೆ ಹೇಳುತ್ತೇನೆ. ಮೇಸ್ತ್ರಿ ವರ್ಕ್‌ಶಾಪು ಮುಚ್ಚಿ ಮೂವತ್ತು ವರ್ಷವಾಯಿತು. ಕೊನೆಯ ದಿನ ನಾನು ಬೇರಿಂಗು ತರಲು ಹೋಗಿದ್ದೆ. ವಾಪಸು ಬರುವಷ್ಟರಲ್ಲಿ ಬಾಗಿಲು ಹಾಕಿತ್ತು, ಅಣ್ಣನ ಕೈಯಲ್ಲಿ ಆ ರಾಚೆಟ್ ಇತ್ತು. "ಮೇಸ್ತ್ರಿ ಕೊಟ್ರು" ಅಂದ, ಅಷ್ಟೇ. ಅಣ್ಣನಿಗೆ ಕೊಟ್ಟರೋ, ಇಬ್ಬರಿಗೂ ಸೇರಿಸಿ ಕೊಟ್ಟರೋ, ನನಗೆ ತಲುಪಿಸು ಎಂದು ಕೊಟ್ಟರೋ, ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮೇಸ್ತ್ರಿ ಯಾವಾಗಲೂ ನನ್ನ ಕೈ ಹಗುರ ಅನ್ನುತ್ತಿದ್ದರು, ಅಣ್ಣನ ಕೈ ಭದ್ರ ಅನ್ನುತ್ತಿದ್ದರು. ಎರಡರಲ್ಲಿ ಯಾವುದು ಹೊಗಳಿಕೆ ಎಂದು ಇವತ್ತಿಗೂ ಗೊತ್ತಿಲ್ಲ.

ನಮ್ಮ ವರ್ಕ್‌ಶಾಪಿನಲ್ಲಿ ಒಂದು ಪದ್ಧತಿಯಿತ್ತು. ಹತಾರ ಅದಲುಬದಲಾಗಬಾರದೆಂದು ಅದರ ಮೇಲೆ ಪಂಚಿನ ಚೂಪು ಮೊನೆಯಿಟ್ಟು ಸುತ್ತಿಗೆಯಿಂದ ಚುಕ್ಕಿ ಹೊಡೆಯುತ್ತಿದ್ದೆವು. ಮೇಸ್ತ್ರಿಯದು ಒಂದು ಚುಕ್ಕಿ, ಅಣ್ಣನದು ಎರಡು, ನಡುವೆ ಬಿಟ್ಟುಹೋದ ಹುಡುಗನೊಬ್ಬನದು ಮೂರು, ನನ್ನದು ನಾಲ್ಕು. ಹತಾರ ಕೈ ಬದಲಾದರೆ ಹಳೆಯ ಗುರುತನ್ನು ಅಳಿಸುವುದಿಲ್ಲ, ಪಕ್ಕದಲ್ಲಿ ಹೊಸಬನದನ್ನು ಹೊಡೆಯುತ್ತೇವೆ. ಕೊನೆಯ ಗುರುತು ಯಾರದೋ ಹತಾರ ಅವರದು. ಈ ರಾಚೆಟ್ಟಿನ ಮೇಲೆ ಯಾವ ಗುರುತಿದೆ ನೋಡುತ್ತೀರಾ? ಹುಡುಕಿದರೆ ಎಲ್ಲಾದರೂ ಇದ್ದೇ ಇರುತ್ತದೆ. ಟೇಪು ಬಿಚ್ಚಬೇಕಾಗಬಹುದು.

ಯಾರದಾಗಿದ್ದರೂ ನನಗೆ ಅದು ಬೇಡ. ಸುಮ್ಮನೆ ಗೊತ್ತಾದರೆ ಸಾಕು.

ಬೋಲ್ಟು

*

ಮಾರ್ಚ್ 9

ಬೋಲ್ಟು,

ಬರೆಯಲು ತಡವಾಯಿತು, ಮದುವೆ ಬಟ್ಟೆಗಳ ಕಾಲ. ಕಾಜ ಹೊಲಿದು ಹೊಲಿದು ಕಣ್ಣು ಸೋತಿದೆ. ಶೆಡ್ಡಿಗೆ ಸುಣ್ಣ ಹೊಡೆಸಿದ್ದಾಯಿತು. ಮಗಳು ಹೊಸ ಮೆಷಿನಿಗೆ ಹೇಳಿದ್ದಾಳೆ. ಇಲ್ಲಿ ಬಿಸಿಲು ಜೋರು.

ರಾಚೆಟ್ಟಿನ ಮೇಲೆ ಗುರುತು ಏನೂ ಕಾಣಲಿಲ್ಲ.

ಒಂದು ಯೋಚನೆ ಬಂದಿದೆ. ಪೆಟ್ಟಿಗೆಯನ್ನು ರಾಚೆಟ್ಟಿನ ಸಮೇತ ನೀನೇ ತೆಗೆದುಕೊಂಡುಬಿಡು. ಲಾರಿ ಸಾಗಣೆಯವರಿಗೆ ಹೇಳಿ ನಾನೇ ಕಳಿಸುತ್ತೇನೆ. ನಿನಗೆ ಸೇರಬೇಕಾದದ್ದು ನಿನಗೆ ಸೇರಲಿ. ಹೆಂಡತಿಯನ್ನು ಕೇಳಿದೆನೆಂದು ಹೇಳು.

ಅತ್ತಿಗೆ

*

ಮಾರ್ಚ್ 15

ಪೂಜ್ಯ ಅತ್ತಿಗೆಯವರಿಗೆ ನಮಸ್ಕಾರಗಳು.

ತಮ್ಮ ಪತ್ರ ತಲುಪಿತು. ಪೆಟ್ಟಿಗೆ ಬೇಡ, ದಯವಿಟ್ಟು ಕಳಿಸಬೇಡಿ.

ತಮಗೆ ವಿಷಯ ಗೊತ್ತಾಗಿದೆ ಎಂದು ಪತ್ರ ನೋಡಿದ ಕೂಡಲೇ ತಿಳಿಯಿತು. ಅಣ್ಣ ಹೇಳಿದ್ದನೋ, ತಾವೇ ಕಂಡುಹಿಡಿದಿರೋ ನಾನರಿಯೆ. ಅಣ್ಣ ಇರುವಾಗಲೇ ನಾನು ಬಂದು ಹೇಳಬೇಕಿತ್ತು. ಹೇಳಲಿಲ್ಲ. ಆ ರಾಚೆಟ್ಟನ್ನು ಮುಟ್ಟುವ ಯೋಗ್ಯತೆ ನನಗಿಲ್ಲ. ತಾವು ಇಷ್ಟಾದರೂ ಎರಡು ಸಾಲು ಬರೆದಿರಲ್ಲ, ಅದೇ ದೊಡ್ಡದು.

ಮಗಳಿಗೆ ಆಶೀರ್ವಾದ ತಿಳಿಸಿ.

ಇಂತು ತಮ್ಮ ವಿಧೇಯ

*

ಮಾರ್ಚ್ 24

ಬೋಲ್ಟು,

ಇದೇನೋ ಇದು, ತಾವು, ತಮ್ಮ, ವಿಧೇಯ? ನಾನೇನು ನಿನ್ನ ಡಿಪೋದ ಮ್ಯಾನೇಜರಾ? ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ, ತಲೆಬುಡ ತಿಳಿಯಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ನಿನ್ನನ್ನು ಕಳ್ಳ ಅನ್ನಲೂ ಇಲ್ಲ, ನೀನು ಯಾಕೆ ಹೆಗಲು ಮುಟ್ಟಿಕೊಳ್ಳುತ್ತೀಯೋ ಕಾಣೆ. ಮುಟ್ಟಿಕೊಳ್ಳಬೇಕಾದವಳು ನಾನು. ಆವತ್ತು ನಿನಗೆ ಸುಳ್ಳು ಬರೆದೆ.

ಗುರುತು ಇದೆ.

ನೀನು ಟೇಪು ಬಿಚ್ಚು ಅಂದೆ. ಕತ್ತರಿ ಹಿಡಿದು ಕುಳಿತೆ, ಆಗಲಿಲ್ಲ. ಆ ತಗ್ಗುಗಳ ಮೇಲೆ ಕತ್ತರಿ ಆಡಿಸುವುದು ಹೇಗೆ? ಬೇರೆಲ್ಲಾದರೂ ಇರಬಹುದೆಂದು ತಲೆಯ ಕಡೆ ಹುಡುಕಿದೆ. ಅಲ್ಲೊಂದು ದುಂಡು ಮುಚ್ಚಳ, ಎರಡು ಸ್ಕ್ರೂ. ನಲವತ್ತು ವರ್ಷ ಹೊಲಿಗೆ ಮೆಷಿನು ಬಿಚ್ಚಿ ಎಣ್ಣೆ ಹಾಕಿದವಳಿಗೆ ಎರಡು ಸ್ಕ್ರೂ ಯಾವ ಲೆಕ್ಕ. ಬಿಚ್ಚಿದೆ. ಮುಚ್ಚಳದ ಒಳಮೈಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಸಾಲಾಗಿ ನಾಲ್ಕು ಚುಕ್ಕಿ. ಎಣ್ಣೆ ಒರೆಸಿ ಮತ್ತೆ ಎಣಿಸಿದೆ. ನಾಲ್ಕೇ.

ನಾಲ್ಕು ಎಂದರೆ ನಿನ್ನದು. ಮೇಸ್ತ್ರಿ ಅದನ್ನು ನಿನಗೆ ಕೊಟ್ಟಿದ್ದರು. ನಿಮ್ಮಣ್ಣ ನಿನಗೆ ಹೇಳದೆ ಇಟ್ಟುಕೊಂಡರು. ಮೂವತ್ತು ವರ್ಷ.

ಬೋಲ್ಟು, ಆ ಮನುಷ್ಯನ ಜೊತೆ ನಲವತ್ತೊಂದು ವರ್ಷ ಬಾಳಿದೆ. ಗಿರಾಕಿಯ ಬಟ್ಟೆಯಲ್ಲಿ ಗೇಣು ತುಂಡು ಉಳಿದರೂ ಮಡಿಸಿ ಜೊತೆಗೇ ಕೊಡು ಅನ್ನುತ್ತಿದ್ದವರು. ಅಂಥವರು ಒಡಹುಟ್ಟಿದವನದನ್ನು ಬಚ್ಚಿಟ್ಟರು ಎಂದರೆ ನಾನು ಯಾರ ಜೊತೆ ಇದ್ದೆ? ಎರಡು ವಾರದಿಂದ ಅವರ ಫೋಟೋದ ಜೊತೆ ಮಾತು ಬಿಟ್ಟಿದ್ದೇನೆ. ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಒಂದು ಮಾತಾಡುವುದು ನನ್ನ ರೂಢಿ. ಅದೂ ನಿಂತಿದೆ. ನೀನು ಯಾಕೆ ಬರುವುದನ್ನು ಬಿಟ್ಟೆ ಎಂದು ಈಗ ಅರ್ಥವಾಯಿತು ಎಂದುಕೊಂಡೆ.

ನಿನಗೆ ಹೇಳಿದರೆ ಅವರ ಹೆಸರು ಹೋಗುತ್ತದೆ, ಹೇಳದಿದ್ದರೆ ನಿನ್ನದು ನಿನಗೆ ಸೇರುವುದಿಲ್ಲ. ಅದಕ್ಕೇ ಆ ಹಾಳು ಕಾಗದ ಬರೆದೆ, ಪೆಟ್ಟಿಗೆ ತೆಗೆದುಕೊಂಡು ಹೋಗಲಿ, ವಿಷಯ ಮುಚ್ಚಿಹೋಗಲಿ ಎಂದು. ರಾಚೆಟ್ಟಿಗೆ ಬಟ್ಟೆ ಸುತ್ತಿ ಪಾರ್ಸೆಲ್ ಹೊಲಿದಿಟ್ಟಿದ್ದೇನೆ. ಅವರನ್ನು ಕ್ಷಮಿಸಿದ್ದೇನೆ ಎಂದು ನೀನು ಒಂದು ಸಾಲು ಬರೆದರೆ ಕಳಿಸುತ್ತೇನೆ. ಅವರ ಪರವಾಗಿ ನಾನು ಕೇಳಿಕೊಳ್ಳುತ್ತೇನೆ, ಹೊಟ್ಟೆಗೆ ಹಾಕಿಕೊ.

ಅತ್ತಿಗೆ

*

ಮಾರ್ಚ್ 30

ಅತ್ತಿಗೆ, ನನ್ನ ಅತ್ತಿಗೆ,

ಮೊದಲು ಅಣ್ಣನ ಫೋಟೋದ ಮುಂದೆ ಹೋಗಿ ಮಾತಾಡಿ. ಆಮೇಲೆ ಬಂದು ಮುಂದಿನದನ್ನು ಓದಿ.

ಮುಚ್ಚಳದ ಒಳಗಿನ ಚುಕ್ಕಿ ಹತಾರ ಯಾರದು ಎಂದು ಹೇಳುವುದಲ್ಲ. ಅದು ಬೇರೆಯೇ ಲೆಕ್ಕ, ನಾನು ಬರೆಯಬೇಕಿತ್ತು, ನೀವು ಬಿಚ್ಚುತ್ತೀರೆಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ರಾಚೆಟ್ಟಿನ ಒಳಗೆ ಹಲ್ಲುಗಳನ್ನು ಹಿಡಿದು ನಿಲ್ಲಿಸುವ ಪುಟ್ಟ ಉಕ್ಕಿನ ತುಂಡಿದೆ, ನಾವು ನಾಲಿಗೆ ಅನ್ನುತ್ತೇವೆ. ಅದರ ಬೆನ್ನಿಗೊಂದು ಸ್ಪ್ರಿಂಗು. ಇವುಗಳಲ್ಲಿ ಯಾವುದನ್ನಾದರೂ ಬದಲಾಯಿಸಿದಾಗ ಮುಚ್ಚಳದ ಒಳಗೆ ಒಂದು ಚುಕ್ಕಿ ಹೊಡೆಯಬೇಕು, ಮುಂದೆ ಬಿಚ್ಚುವವನಿಗೆ ಎಷ್ಟು ಸಲ ರಿಪೇರಿಯಾಗಿದೆ ಎಂದು ಗೊತ್ತಾಗಲಿ ಎಂದು. ಅದು ಮೇಸ್ತ್ರಿಯ ಕಟ್ಟಳೆ. ಯಾರದು ಎಂಬ ಗುರುತು ಯಾವತ್ತೂ ಹೊರಗೆ, ಹಿಡಿಯ ಮೇಲೆ.

ಮೇಸ್ತ್ರಿಯ ಕಾಲದಲ್ಲಿ ಒಳಗೆ ಮೂರು ಚುಕ್ಕಿಯಿದ್ದವು. ಮೂರನೆಯದನ್ನು ಅವರು ನನ್ನ ಕೈಯಿಂದಲೇ ಹೊಡೆಸಿದ್ದರು. ನಾಲ್ಕನೆಯದು ಯಾಕೆ ಬಂತು ಎಂದು ನನಗೆ ಗೊತ್ತು.

ಹದಿಮೂರು ವರ್ಷದ ಹಿಂದೆ ನಾಲ್ಕು ದಿನ ರಜೆಯ ಮೇಲೆ ಬಂದಿದ್ದೆನಲ್ಲ. ಮೂರನೆಯ ದಿನ ಮಧ್ಯಾಹ್ನ ಅಣ್ಣ ಪೇಟೆಗೆ ಹೋಗಿದ್ದ. ಪಕ್ಕದ ಬೀದಿಯವರ ವ್ಯಾನು ಶೆಡ್ಡಿನ ಮುಂದೆ ನಿಂತಿತ್ತು, ಒಂದು ನಟ್ಟು ತುಕ್ಕು ಹಿಡಿದು ಕುಳಿತಿತ್ತು. ಬೆಳಗಿನಿಂದ ಅಣ್ಣನ ಕೈಯಲ್ಲಿ ಬಂದಿರಲಿಲ್ಲ. ಅವನು ಬರುವಷ್ಟರಲ್ಲಿ ಬಿಚ್ಚಿ ತೋರಿಸಬೇಕು ಅನ್ನಿಸಿತು. ಅವನನ್ನು ಕೇಳದೆ ಪೆಟ್ಟಿಗೆ ತೆಗೆದು ಮೇಸ್ತ್ರಿಯ ರಾಚೆಟ್ ಹಿಡಿದೆ. ಅದಕ್ಕೂ ಬಗ್ಗದಿದ್ದಾಗ ಹಿಡಿಗೆ ನೀರಿನ ಪೈಪು ತೂರಿಸಿ ಮೈಭಾರ ಬಿಟ್ಟೆ. ರಾಚೆಟ್ಟಿಗೆ ಪೈಪು ಹಾಕಬಾರದು ಎಂಬುದು ಮೇಸ್ತ್ರಿ ಕಲಿಸಿದ ಮೊದಲ ಪಾಠ. ಡಿಪೋದಲ್ಲಿ ನಾನೇ ಎಷ್ಟು ಜನಕ್ಕೆ ಕಲಿಸಿದ್ದೆ. ಒಂದು ಟಕ್ ಶಬ್ದ ಬಂತು. ನಾಲಿಗೆ ಮುರಿದಿತ್ತು, ತಲೆ ಎರಡು ಕಡೆಗೂ ಸುಮ್ಮನೆ ತಿರುಗುತ್ತಿತ್ತು. ಪೈಪು ತೆಗೆದರೆ ಹಿಡಿಯ ಮೇಲೆಲ್ಲ ಗೀರು. ತುದಿಯಲ್ಲಿ ಯಾರ ಗುರುತಿದೆ ಎಂದು ಮೊದಲೂ ನೋಡಿರಲಿಲ್ಲ, ಆಮೇಲೆ ನೋಡುವ ಧೈರ್ಯ ಬರಲಿಲ್ಲ.

ಅದನ್ನು ಒರೆಸಿ ಇದ್ದಲ್ಲೇ ಇಟ್ಟೆ. ಡಿಪೋದಿಂದ ಕರೆ ಬಂದಿದೆ ಎಂದು ನಿಮಗೆ ಸುಳ್ಳು ಹೇಳಿ ಅವತ್ತೇ ಹೊರಟೆ. ನೀವು ಅವಸರದಲ್ಲಿ ಬುತ್ತಿ ಕಟ್ಟಿಕೊಟ್ಟಿರಿ. ಬಸ್ಸಿನಲ್ಲಿ ಅದನ್ನು ತಿನ್ನಲಾಗಲಿಲ್ಲ.

ಅಣ್ಣ ಕೇಳುತ್ತಾನೆ, ಆಗ ಹೇಳೋಣ ಎಂದು ಕಾದೆ. ಅವನು ಬರೆಯಲಿಲ್ಲ. ಬರೆಯದಷ್ಟು ಸಿಟ್ಟು ಬಂದಿದೆ ಎಂದುಕೊಂಡೆ. ಒಂದು ವರ್ಷ ಎರಡಾಯಿತು, ಆಮೇಲೆ ಯಾವ ಮುಖ ಹೊತ್ತು ಬರುವುದು? ಊರೂರು ತಿರುಗಿ ಹಳೆಯ ರಾಚೆಟ್ಟು ಕೂಡಿಸಿದೆ. ಅದೇ ತಲೆ, ಅದೇ ಹಲ್ಲು ಸಿಕ್ಕರೆ ನಾಲಿಗೆ ಬಿಚ್ಚಿ ಅಣ್ಣನಿಗೆ ಕಳಿಸೋಣವೆಂದು ಶುರುವಾದದ್ದು. ನೂರ ನಲವತ್ತೆರಡರಲ್ಲಿ ಒಂದೂ ಹೊಂದಲಿಲ್ಲ. ಜನ ಅದನ್ನು ನನ್ನ ಹವ್ಯಾಸ ಅನ್ನುತ್ತಾರೆ. ಮೇಸ್ತ್ರಿಯ ರಾಚೆಟ್ಟಿನಲ್ಲಿ ಅರ್ಧ ನನ್ನದೇ ಇರಬಹುದು, ನನ್ನದನ್ನೇ ನಾನು ಮುರಿದೆ ಎಂದು ಸಮಾಧಾನವನ್ನೂ ಹೇಳಿಕೊಂಡೆ. ಅದಕ್ಕೇ ನಿಮ್ಮಿಂದ ಗುರುತು ಹುಡುಕಿಸಿದ್ದು, ಬೇರೆ ಯಾವ ದೊಡ್ಡತನವೂ ಇಲ್ಲ.

ನೀವು ಇಪ್ಪತ್ತನಾಲ್ಕು ಕಿರ್ ಎಂದು ಬರೆದ ದಿನ ಕಾಗದ ಹಿಡಿದು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ನಾನು ಬಿಟ್ಟುಬಂದಾಗ ಅದು ಒಂದು ಕಿರ್ ಕೂಡ ಅನ್ನುತ್ತಿರಲಿಲ್ಲ. ಅಣ್ಣ ಹೊಸ ನಾಲಿಗೆ ಮಾಡಿ ಕೂರಿಸಿದ್ದಾನೆ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ಮಾತು ಕೇಳದೆ ಹೋದ. ಅವನ ಮನಸ್ಸಿನಲ್ಲಿ ಏನಿತ್ತು, ಸಿಟ್ಟಿನಲ್ಲೇ ಹೋದನೋ ಏನೋ, ಅದೊಂದು ಮಾತ್ರ ನನಗೆ ಗೊತ್ತಾಗುವುದಿಲ್ಲ.

ಪಾರ್ಸೆಲ್ ಬಿಚ್ಚಿ. ಅಣ್ಣನ ಬೆರಳಿನ ತಗ್ಗಿಗೆ ನೋವಾಗದ ಹಾಗೆ, ತುದಿಯಿಂದ ಮೆಲ್ಲಗೆ ಟೇಪು ಸುಲಿಯಿರಿ. ಅಲ್ಲಿ ಏನಿದ್ದರೂ ಇದ್ದ ಹಾಗೇ ಬರೆಯಿರಿ. ನಿಮ್ಮ ಗಂಡ ಕಳ್ಳನಲ್ಲ ಎಂದು ನಾನು ನೋಡದೆಯೇ ಹೇಳುತ್ತೇನೆ. ಉಳಿದದ್ದು ನನಗಾಗಿ ನೋಡಿ.

ನಿಮ್ಮ ಬೋಲ್ಟು

*

ಏಪ್ರಿಲ್ 7

ನನ್ನ ಬೋಲ್ಟು,

ಅವರ ಜೊತೆ ಮಾತಾಡಿದೆ. ತಪ್ಪಾಯಿತು ಅಂದೆ. ಫೋಟೋದ ಹಾರವನ್ನೂ ಬದಲಾಯಿಸಿದೆ.

ಟೇಪು ಸುಲಿದೆ. ಎರಡು ಗಂಟೆ ಹಿಡಿಯಿತು. ಕತ್ತರಿ ತಾಗಿಸಲಿಲ್ಲ, ಬಿಸಿನೀರಿನ ಬಟ್ಟೆ ಇಟ್ಟು ನೆನೆಸಿ ಉಗುರಿನಲ್ಲೇ ಬಿಡಿಸಿದೆ. ಕೆಳಗೆ ನೀನು ಹೇಳಿದ ಗೀರುಗಳಿವೆ, ಉದ್ದಕ್ಕೂ, ಆಳವಾಗಿ. ಅವನ್ನು ಮುಚ್ಚುವುದಕ್ಕೇ ಟೇಪು ಸುತ್ತಿದ್ದರು ಎಂದು ನೋಡಿದ ಕೂಡಲೇ ಹೊಳೆಯಿತು.

ಹಿಡಿಯ ತುದಿಯಲ್ಲಿ ಚುಕ್ಕಿಗಳಿವೆ. ಮೊದಲು ಒಂದು, ಸವೆದು ಸವೆದು ಕೈಗೆ ಸಿಗುವುದೇ ಇಲ್ಲ. ಅದರ ಪಕ್ಕ ಎರಡು, ಅವೂ ಸವೆದಿವೆ. ಎಂದರೆ ಮೇಸ್ತ್ರಿ ಅದನ್ನು ಕೊಟ್ಟದ್ದು ನಿಮ್ಮಣ್ಣನಿಗೇ. ಅವರು ಯಾರದನ್ನೂ ಬಚ್ಚಿಡಲಿಲ್ಲ. ಒಂದು ಲೋಟ ನೀರು ಕುಡಿದು ಬಂದು ಮತ್ತೆ ನೋಡಿದೆ.

ಎರಡರ ಪಕ್ಕ ನಾಲ್ಕು ಇವೆ, ಬೋಲ್ಟು. ಅಂಚು ಇನ್ನೂ ಚೂಪಾಗಿದೆ. ಸೂಜಿಗೆ ದಾರ ಪೋಣಿಸಲು ಇಟ್ಟುಕೊಂಡ ಭೂತಗನ್ನಡಿ ತಂದು ನೋಡಿದೆ. ನಾಲ್ಕರಲ್ಲಿ ಎರಡು ಚುಕ್ಕಿ ಆ ಪೈಪಿನ ಗೀರಿನ ಮೇಲೆಯೇ ಬಿದ್ದಿವೆ. ಗೀರು ಚುಕ್ಕಿಯನ್ನು ಕೊರೆದುಕೊಂಡು ಹೋಗಿಲ್ಲ, ಚುಕ್ಕಿ ಗೀರನ್ನು ಒತ್ತಿಕೊಂಡು ಕುಳಿತಿದೆ. ಯಾವ ಹೊಲಿಗೆ ಮೊದಲು ಬಿದ್ದದ್ದು, ಯಾವುದು ಅದರ ಮೇಲೆ ಬಿದ್ದದ್ದು ಎಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ಗೀರು ಮೊದಲು, ಚುಕ್ಕಿ ಆಮೇಲೆ.

ನೀನು ಅದನ್ನು ಮುರಿದಿಟ್ಟು ಹೋದ ಮೇಲೆ ಅವರು ನಿನ್ನ ಹೆಸರಿಗೆ ಮಾಡಿದ್ದಾರೆ. ಕೊನೆಯ ಗುರುತು ಯಾರದೋ ಹತಾರ ಅವರದು ಎಂದು ನೀನೇ ಬರೆದದ್ದು.

ಈಗ ಒಂದೊಂದೇ ನೆನಪಾಗುತ್ತಿದೆ. ಆ ವರ್ಷ ಒಂದು ವಾರ ಶೆಡ್ಡಿನಲ್ಲಿ ಕೂತು ಏನೋ ಅರ ಹಾಕಿ ಉಜ್ಜುತ್ತಿದ್ದರು. ಏನದು ಎಂದೆ. "ಹಳೇ ಮಾಲು, ತಾನಾಗೇ ಮುರೀತು" ಅಂದರು. ನಿನ್ನ ಹೆಸರು ಎತ್ತಲಿಲ್ಲ. ಎರಡು ವರ್ಷ ಕಳೆದ ಮೇಲೆ ನಾನೇ ಜಗಳ ತೆಗೆದೆ, ತಮ್ಮನಿಗೆ ಬಾ ಎಂದು ಒಂದು ಕಾಗದ ಹಾಕಲು ಏನು ಕಷ್ಟ ಎಂದು. ಅವರು ಹೇಳಿದ್ದು ಇಷ್ಟು:

"ಅವನಾಗಿ ಬರ್ಲಿ. ಕರೆದ್ರೆ ತಲೆ ತಗ್ಗಿಸ್ಕೊಂಡು ಬರ್ತಾನೆ. ನನಗದು ನೋಡೋಕಾಗಲ್ಲ."

ಅದೇನು ಮಾತೆಂದು ಆಗ ನನಗೆ ತಿಳಿಯಲಿಲ್ಲ, ಗಂಡಸರ ಬಿಗುಮಾನ ಎಂದುಕೊಂಡೆ. ಪ್ರತಿ ಬೇಸಿಗೆ ರಜೆಯಲ್ಲಿ ಆ ಪೆಟ್ಟಿಗೆ ತೆರೆದು ಒಳಗಿನದಕ್ಕೆಲ್ಲ ಎಣ್ಣೆ ಒರೆಸುತ್ತಿದ್ದರು. ನೀನು ಬಂದರೆ ಕೈಗೆ ಕೊಡಲು ಸಿದ್ಧವಾಗಿರಲಿ ಎಂದೇ ಇರಬೇಕು. ಒಬ್ಬರು ಕರೆಯಬಾರದೆಂದು ಕೂತರು, ಇನ್ನೊಬ್ಬ ಮುಖ ತೋರಿಸಬಾರದೆಂದು ಕೂತ. ನಡುವೆ ನಾನೊಬ್ಬಳು ಏನೂ ತಿಳಿಯದೆ ಕಾಜ ಹೊಲಿಯುತ್ತ ಕೂತೆ. ನಿಮ್ಮಿಬ್ಬರನ್ನೂ ಒಂದೇ ಪೆಟ್ಟಿಗೆಯಲ್ಲಿ ಹಾಕಿ ಬೀಗ ಜಡಿಯಬೇಕಿತ್ತು.

ಸಿಟ್ಟಿನಲ್ಲಿ ಹೋದರೋ ಎಂದು ಕೇಳಿದೆಯಲ್ಲ. ಇಲ್ಲ ಕಣೋ. ಅವರಿಗೆ ನಿನ್ನ ಮೇಲೆ ಯಾವತ್ತೂ ಸಿಟ್ಟು ಇರಲಿಲ್ಲ. ನೀನು ಬರಲಿಲ್ಲ ಎಂಬ ಸಂಕಟವಿತ್ತು, ಅದು ಬೇರೆ.

ಇನ್ನೊಂದು ವಿಷಯ ಬರೆಯದೆ ಮುಚ್ಚಿಟ್ಟಿದ್ದೇನೆ. ಆವತ್ತು ಮುಚ್ಚಳ ಬಿಚ್ಚಿದಾಗ ಒಳಗಿನ ಸ್ಪ್ರಿಂಗು ಚಿಮ್ಮಿ ಎಲ್ಲೋ ಹೋಯಿತು. ಮೆಷಿನುಗಳ ಕೆಳಗೆಲ್ಲ ಗುಡಿಸಿದೆ, ಸಿಗಲಿಲ್ಲ. ಹೊಲಿಗೆ ಮೆಷಿನಿನ ಹಳೆಯ ಸ್ಪ್ರಿಂಗು ಕತ್ತರಿಸಿ ತುರುಕಿದೆ. ನಾಲಿಗೆ ಸಿಕ್ಕಿಹಾಕಿಕೊಂಡಿದೆ. ಈಗ ಅದು ಆ ಕಡೆಗೂ ತಿರುಗುವುದಿಲ್ಲ, ಈ ಕಡೆಗೂ ಇಲ್ಲ. ನಿನ್ನಂತೆ ನಾನೂ ಕೇಳದೆ ಮುಟ್ಟಿ ಕೆಡಿಸಿ, ಒರೆಸಿ, ಬಟ್ಟೆ ಸುತ್ತಿಟ್ಟೆ. ನಿನಗೆ ಹೇಳಲು ಒಂದು ತಿಂಗಳು ನಾಚಿಕೆಪಟ್ಟೆ. ಹಾಗಾಗಿ ನಿನ್ನ ಹದಿಮೂರು ವರ್ಷ ನನಗೆ ಅರ್ಥವಾಗುತ್ತದೆ.

ಪಾರ್ಸೆಲ್ ಕಳಿಸುವುದಿಲ್ಲ. ನಿನ್ನ ಹತಾರ ನನ್ನ ಮನೆಯಲ್ಲಿ ಕೆಟ್ಟು ಕುಳಿತಿದೆ. ಬಂದು ರಿಪೇರಿ ಮಾಡು, ಐದನೆಯ ಚುಕ್ಕಿ ನಿನ್ನ ಕೈಯಿಂದಲೇ ಬೀಳಲಿ. ಟೇಪಿನ ಸುರುಳಿಯನ್ನು ಬಿಸಾಡಿಲ್ಲ, ಅವರ ಕನ್ನಡಕದ ಡಬ್ಬಿಯಲ್ಲಿಟ್ಟಿದ್ದೇನೆ. ಅದು ನನಗಿರಲಿ.

ನಿನ್ನ ಅತ್ತಿಗೆ

*

ಏಪ್ರಿಲ್ 13

ಅತ್ತಿಗೆ,

ಸ್ಪ್ರಿಂಗಿನ ಉದ್ದ, ದಪ್ಪ ಬರೆಯಲೇ ಇಲ್ಲ ನೀವು. ಒಂದು ನೂಲು ಹೆಚ್ಚುಕಡಿಮೆಯಾಗದ ಅಳತೆಯಂತೆ! ಇರಲಿ, ನಾಲ್ಕು ತರಹದ್ದು ಹಿಡಿದುಕೊಂಡಿದ್ದೇನೆ. ಪಂಚು ಮತ್ತು ಸಣ್ಣ ಸುತ್ತಿಗೆಯನ್ನು ಬ್ಯಾಗಿಗೆ ಹಾಕಿದೆ. ಇವಳು ಅವನ್ನು ತೆಗೆದು ಮೊದಲು ಬಟ್ಟೆ ಇಟ್ಟಳು.

ನಿಮ್ಮ ಕಾಗದವನ್ನು ಇವಳಿಗೆ ಓದಿ ಹೇಳಲು ಹೋದೆ, ಎರಡು ಸಾಲಿನ ಮೇಲೆ ಆಗಲಿಲ್ಲ. ಅವಳೇ ಇಸಿದುಕೊಂಡು ನನ್ನ ಕಿವಿಯ ಹತ್ತಿರ ಬಂದು ಗಟ್ಟಿಯಾಗಿ ಓದಿದಳು. ಕೆಳಗಿನ ಸೈಕಲ್ ಅಂಗಡಿಯವರಿಗೂ ಈಗ ನಮ್ಮ ಮನೆಯ ಸಮಾಚಾರ ಗೊತ್ತು.

ಶನಿವಾರ ಬೆಳಗಿನ ಬಸ್ಸಿಗೆ ಇಬ್ಬರೂ ಹೊರಡುತ್ತೇವೆ, ಮಧ್ಯಾಹ್ನದ ಊಟಕ್ಕೆ ಅಲ್ಲಿರುತ್ತೇವೆ. ಕಿಟಕಿಯಿಂದ ನೋಡುತ್ತ ನಿಲ್ಲಬೇಡಿ. ಗೇಟಿನ ಹತ್ತಿರ ನಿಲ್ಲುವುದಿಲ್ಲ, ಸೀದಾ ಒಳಗೆ ಬರುತ್ತೇನೆ.

ಬೋಲ್ಟು